ನಾನೇ ತೆಗೆದ ಹಕ್ಕಿ

ಸೋಮವಾರ ಬೆಳಿಗ್ಗೆ ಪ್ರೆಸ್ಸಿಗೆ ಹೊರಟ ಕೊಂಬಮ್ಮನಿಗೆ ತನ್ನ ಹಕ್ಕಿ ಚರಂಡಿ ತೊಳೆಯುವವರ ವ್ಯಾನಿನ ಮೇಲೆ ಕಾಣಿಸಿತು. ಸಿಗ್ನಲ್ಲಿನಲ್ಲಿ ಬಸ್ಸು ನಿಂತಿತ್ತು, ಅದರ ಪಕ್ಕಕ್ಕೆ ಒತ್ತಿಕೊಂಡು ಆ ವ್ಯಾನು. ಕಿಟಕಿಯಿಂದ ಕೈ ಚಾಚಿದರೆ ಕೊಕ್ಕು ಮುಟ್ಟಬಹುದು, ಅಷ್ಟು ಹತ್ತಿರ. ಅದೇ ನೀಲಿ ಬೆನ್ನು, ಅದೇ ಕಿತ್ತಳೆ ಎದೆ, ತಲೆಕೆಳಗಾಗಿ ನೀರಿಗೆ ಧುಮುಕುತ್ತಿರುವ ಅದೇ ಮಿಂಚುಳ್ಳಿ. ಕೆಳಗೆ ದಪ್ಪಕ್ಷರದಲ್ಲಿ, ‘ಎಲ್ಲಿ ಕಟ್ಟಿಕೊಂಡರೂ ನಾವಿದ್ದೇವೆ’.

ಬೇರೆ ಯಾರೇ ಆಗಿದ್ದರೂ, ಒಂದೇ ಜಾತಿಯ ಹಕ್ಕಿ ಒಂದೇ ಥರ ಇರುತ್ತದೆ ಎಂದುಕೊಂಡು ಸುಮ್ಮನಾಗುತ್ತಿದ್ದರು. ಕೊಂಬಮ್ಮನದು ಹತ್ತೊಂಬತ್ತು ವರ್ಷ ಕರಡು ತಿದ್ದಿದ ಕಣ್ಣು. ಅದು ಆಗಲೇ ಎಣಿಸಲು ಶುರುಮಾಡಿತ್ತು. ರೆಕ್ಕೆಯಲ್ಲಿ ಏಳು ಗರಿ, ಸರಿ. ಮೂರನೆಯ ಗರಿ ಸಾಲು ಬಿಟ್ಟು ಸ್ವಲ್ಪ ಹೊರಗೆ, ಸರಿ. ಕಣ್ಣಿನ ಬಿಳಿ ಚುಕ್ಕೆ ಎಡಕ್ಕೆ, ಸರಿ. ಒಂದೇ ಒಂದು ವ್ಯತ್ಯಾಸ. ತನ್ನ ಹಕ್ಕಿಯ ಕೊಕ್ಕಿನ ಕೆಳಗೆ ಪುಟ್ಟದೊಂದು ಅಂಕುಡೊಂಕು ಗೆರೆ ಇತ್ತು. ವ್ಯಾನಿನ ಹಕ್ಕಿಗೆ ಅದಿರಲಿಲ್ಲ. ಸಿಗ್ನಲ್ಲು ಬಿಟ್ಟಿತು. ವ್ಯಾನು ಹಕ್ಕಿಯನ್ನು ಹೊತ್ತುಕೊಂಡು ಬಲಕ್ಕೆ ತಿರುಗಿತು. ಕೊಂಬಮ್ಮ ಇಳಿಯಬೇಕಾದ ನಿಲ್ದಾಣ ದಾಟಿ, ಇನ್ನೂ ಎರಡು ನಿಲ್ದಾಣ ಹೋಗಿ ಇಳಿದಳು.

ಕೊಂಬಮ್ಮ ಎನ್ನುವುದು ಪ್ರೆಸ್ಸಿನಲ್ಲಿ ಅಂಟಿಕೊಂಡ ಹೆಸರು. ಕೆಲವು ವರ್ಷಗಳ ಹಿಂದೆ ಒಂದು ಪುಸ್ತಕದಲ್ಲಿ ‘ಎಲ್ಲ ಹಕ್ಕುಗಳನ್ನು ಕಾಯ್ದಿರಿಸಲಾಗಿದೆ’ ಎಂದಿರಬೇಕಾದ ಸಾಲು ‘ಎಲ್ಲ ಹಕ್ಕಿಗಳನ್ನು ಕಾಯ್ದಿರಿಸಲಾಗಿದೆ’ ಎಂದು ಅಚ್ಚಾಗಿಬಿಟ್ಟಿತ್ತು. ಕೊಂಬಿನ ಜಾಗದಲ್ಲಿ ಗುಡಿಸು ಬಂದು ಕುಳಿತಿತ್ತು, ಅವಳ ಕಣ್ಣು ಅದರ ಮೇಲೆ ಜಾರಿಕೊಂಡು ಹೋಗಿತ್ತು. “ಒಂದು ಕೊಂಬು ತಾನೇ ಬಿಟ್ಟಿದ್ದು, ಹೋಗಲಿ ಬಿಡಮ್ಮ,” ಎಂದು ಯಜಮಾನರು ನಕ್ಕಿದ್ದರು. ನಗು ಅವತ್ತಿಗೆ ಮುಗಿಯಿತು, ಹೆಸರು ಉಳಿಯಿತು. ಆಮೇಲಿನಿಂದ ಅವಳು ಪ್ರತಿ ಸಾಲಿನ ಕೆಳಗೂ ಸ್ಕೇಲು ಇಟ್ಟು ಓದುತ್ತಾಳೆ, ಮನೆಯ ದಿನಸಿ ಚೀಟಿಯನ್ನು ಕೂಡ.

ಅಂಥವಳು ಈ ಹಕ್ಕಿಯ ವಿಷಯದಲ್ಲಿ ಸ್ಕೇಲು ಇಡಲು ಮರೆತಿದ್ದಳು.

ನಲವತ್ತು ದಾಟಿದ ಮೇಲೆ ಈಜು ಕಲಿತ ಇಪ್ಪತ್ತೆಂಟು ಹೆಂಗಸರ ಬಳಗ ಅವರದು. ಬೆಳಿಗ್ಗೆ ಆರರಿಂದ ಏಳರವರೆಗೆ ಊರ ಈಜುಕೊಳ ಅವರಿಗೆ ಮೀಸಲು. ಅಧ್ಯಕ್ಷೆ ನಿವೃತ್ತ ನರ್ಸು, ಎಲ್ಲರ ಬಾಯಲ್ಲೂ ನರ್ಸಮ್ಮ. ತಪ್ಪಿಲ್ಲದೆ ಬರೆಯುತ್ತಾಳೆಂದು ಕೊಂಬಮ್ಮನನ್ನು ಕಾರ್ಯದರ್ಶಿ ಮಾಡಿದ್ದರು. ಮೂರು ವಾರದ ಹಿಂದೆ ಸಭೆಯ ನೋಟಿಸು ಬರೀ ಅಕ್ಷರವಾಗಿ ಒಣಒಣ ಕಾಣುತ್ತದೆ ಎಂದು ಕೊಂಬಮ್ಮ ಕಂಪ್ಯೂಟರಿನಲ್ಲಿ ಉಚಿತ ಚಿತ್ರಗಳ ಪುಟವೊಂದನ್ನು ತೆರೆದು, ಅದರಿಂದ ಒಂದು ಮಿಂಚುಳ್ಳಿಯನ್ನು ಎತ್ತಿ ಮೇಲ್ಗಡೆ ಕೂರಿಸಿದ್ದಳು. ಸಭೆಯಲ್ಲಿ ಯಾರೂ ನೋಟಿಸು ಓದಲಿಲ್ಲ. ಎಲ್ಲರೂ ಹಕ್ಕಿ ನೋಡಿದರು.

“ಎಷ್ಟು ಜೀವ ಇದೆ ನೋಡ್ರೇ ಇದರಲ್ಲಿ,” ಎಂದರು ನರ್ಸಮ್ಮ. “ಯಾರು ತೆಗೆದಿದ್ದು ಇದನ್ನ?”

“ನಾನೇ ತೆಗೆದೆ,” ಎಂದಳು ಕೊಂಬಮ್ಮ.

ಕಂಪ್ಯೂಟರಿನಿಂದ ತೆಗೆದೆ ಎಂಬುದು ಅವಳ ಮನಸ್ಸಿನಲ್ಲಿದ್ದ ಅರ್ಥ. ಆದರೆ ಚಿತ್ರ ತೆಗೆಯುವುದೆಂದರೆ ಬರೆಯುವುದೂ ಹೌದಲ್ಲ. ಉಳಿದ ಇಪ್ಪತ್ತೇಳು ಜನಕ್ಕೆ ಕೇಳಿಸಿದ್ದು ಆ ಅರ್ಥ. ಚಪ್ಪಾಳೆ ಬಿತ್ತು. ನಮ್ಮಲ್ಲೇ ಇಂಥ ಕಲಾವಿದೆ ಇದ್ದದ್ದು ಗೊತ್ತೇ ಇರಲಿಲ್ಲ ಎಂದು ಯಾರೋ ಬೆನ್ನು ತಟ್ಟಿದರು. ಇದೇ ನಮ್ಮ ಗುರುತಾಗಲಿ, ಬಳಗಕ್ಕೂ ಮಿಂಚುಳ್ಳಿ ಎಂದೇ ಹೆಸರಿಡೋಣ ಎಂದು ಐದು ನಿಮಿಷದಲ್ಲಿ ತೀರ್ಮಾನವಾಗಿಹೋಯಿತು. ಒಂದು ಪದಕ್ಕೆ ಎರಡರ್ಥ ಬಂದರೆ ಅಂಚಿನಲ್ಲಿ ಕೆಂಪು ಗೀಟು ಹಾಕಿ ಕೇಳುವುದೇ ಅವಳ ಹೊಟ್ಟೆಪಾಡು. ಆ ದಿನ ಕೇಳಲಿಲ್ಲ. ಬೆನ್ನ ಮೇಲೆ ಬಿದ್ದ ಕೈ ಬೆಚ್ಚಗಿತ್ತು. ಆ ಸಂಜೆ ನಡಾವಳಿ ಪುಸ್ತಕದಲ್ಲಿ ತನ್ನ ಕೈಯಾರೆ ಬರೆದಳು: ‘ಕಾರ್ಯದರ್ಶಿಯವರು ತೆಗೆದ ಹಕ್ಕಿಯ ಚಿತ್ರವನ್ನು ಬಳಗದ ಲಾಂಛನವೆಂದು ಒಪ್ಪಲಾಯಿತು.’ ಕಾಗುಣಿತ ತಪ್ಪಿರಲಿಲ್ಲ.

ಸೋಮವಾರ ಊಟದ ಬಿಡುವಿನಲ್ಲಿ ಅವಳು ಮತ್ತೆ ಆ ಪುಟ ತೆರೆದಳು. ‘ಉಚಿತ’ ಎಂಬುದು ದೊಡ್ಡ ಹಸಿರು ಅಕ್ಷರದಲ್ಲಿತ್ತು. ಅದರ ಕೆಳಗೆ ಸಾಸಿವೆ ಕಾಳಿನಷ್ಟು ಅಕ್ಷರದಲ್ಲಿ ಇನ್ನೆರಡು ಸಾಲು. ಪರದೆಯ ಮೇಲೆ ಸ್ಕೇಲು ಇಟ್ಟು ಓದಿದಳು. ‘ಸ್ವಂತದ, ಮನೆಯ ಬಳಕೆಗೆ ಮಾತ್ರ. ಸಂಘ, ಸಂಸ್ಥೆ, ವ್ಯಾಪಾರಗಳ ಗುರುತಾಗಿ ಬಳಸಲು ಚಿತ್ರ ಬರೆದವರ ಒಪ್ಪಿಗೆ ಬೇಕು.’

ಮಿಂಚುಳ್ಳಿ ಎಂಬ ಹಕ್ಕಿ ಯಾರದ್ದೂ ಅಲ್ಲ, ಹೆಸರೂ ಯಾರ ಸ್ವತ್ತಲ್ಲ ಎಂದು ತನಗೆ ತಾನೇ ವಾದ ಹೂಡಿದಳು. ಆದರೆ ಈ ಏಳು ಗರಿ, ಸಾಲು ಬಿಟ್ಟ ಈ ಮೂರನೆಯ ಗರಿ, ಇವು ಯಾರದೋ ಕೈಯಿಂದ ಬಂದವು. ಬರುವ ಭಾನುವಾರ ಆರು ಬಳಗಗಳ ಈಜು ಕೂಟ, ಕೊಳದ ಬದಿಗೆ ಬ್ಯಾನರು, ಪ್ರತಿಯೊಬ್ಬರ ಹೆಗಲ ಮೇಲೆ ಹಕ್ಕಿ ಕೂತ ಟವೆಲು. ಆ ವ್ಯಾನು ಅವಳೊಬ್ಬಳ ಕಣ್ಣಿಗೇ ಬಿದ್ದಿರುತ್ತದೆಯೇ? ಯಾರಾದರೂ ಬೆರಳು ತೋರಿಸಿ, ಇದು ಚರಂಡಿಯವರ ಹಕ್ಕಿ ಅಲ್ಲವೇ ಎಂದರೆ ನರ್ಸಮ್ಮನ ಮುಖ ಹೇಗಾಗಬಹುದು? ಕದ್ದದ್ದು ಬಳಗದ ಹೆಸರಿನಲ್ಲಿ, ಕದ್ದವಳು ತಾನು, ಅದಕ್ಕೆ ಸಾಕ್ಷಿಯಾಗಿ ನಡಾವಳಿಯೂ ಇದೆ.

ತಾನೇ ಬೇರೊಂದು ಹಕ್ಕಿ ಬರೆದುಬಿಟ್ಟರೆ ಎಂದು ಹಳೆಯ ಕರಡಿನ ಬೆನ್ನಿಗೆ ಪೆನ್ಸಿಲ್ ಓಡಿಸಿ ನೋಡಿದಳು. ಮೊದಲನೆಯದು ಕೊಕ್ಕು ಬಂದ ಬದನೆಕಾಯಿಯ ಹಾಗಿತ್ತು. ಎರಡನೆಯದರಲ್ಲಿ ಬದನೆಕಾಯಿಯೂ ಹಾಳಾಯಿತು.

ಟವೆಲುಗಳನ್ನು ಹೊಲಿಯುತ್ತಿದ್ದವಳು ಓರಗಿತ್ತಿ, ಗಂಡನ ಅಣ್ಣನ ಹೆಂಡತಿ, ಕೊಂಬಮ್ಮನ ಬಾಯಲ್ಲಿ ಅಕ್ಕ. ಕೊಂಬಮ್ಮ ಇರುವ ಮನೆಯದೇ ಕೆಳಗಿನ ಭಾಗದಲ್ಲಿ ಅವಳ ಸಂಸಾರ, ಮುಂದಿನ ಕೋಣೆಯಲ್ಲಿ ಹೊಲಿಗೆ ಅಂಗಡಿ. ಈಜುವ ಬಳಗದಲ್ಲಿ ಅವಳೂ ಇದ್ದಳು. ಬಟ್ಟೆಯನ್ನು ರಿಂಗಿಗೆ ಬಿಗಿದು, ಹಳೆಯ ಕಸೂತಿ ಮಷಿನ್ನಿನ ಸೂಜಿಯ ಕೆಳಗೆ ಕೈಯಲ್ಲೇ ಆಡಿಸುತ್ತ ಒಂದೊಂದೇ ಹಕ್ಕಿ ಇಳಿಸುತ್ತಿದ್ದಳು. ಕೆಲಸ ಹಿಡಿದ ಮೊದಲ ದಿನ ಅವಳು ಕೊಂಬಮ್ಮನನ್ನು ಮೆಟ್ಟಿಲ ಹತ್ತಿರ ನಿಲ್ಲಿಸಿ ಕೇಳಿದ್ದಳು.

“ಕೊಕ್ಕಿನ ಕೆಳಗೆ ಇದೇನೇ ಇದು, ಎರೆಹುಳ?”

“ಅದು ಅಲೆ, ಅಕ್ಕ.”

“ಅಲೆ ಎಲ್ಲಾದ್ರೂ ಹೀಗಿರುತ್ತಾ? ದಿನಾ ಅದೇ ನೀರಲ್ಲಿ ಮುಳುಗಿ ಏಳ್ತೀವಿ.”

“ನಾನು ಬರೆಯುವಾಗ ಹಾಗೇ ಬಂತು. ಇರಲಿ ಬಿಡಿ.”

ಹಾಗೆಂದು ಮೇಲೆ ಹತ್ತಿ ಬಂದಿದ್ದಳು. ಈಗ ಆ ಮಾತನ್ನು ಸಭೆಯ ಮಾತಿನ ಪಕ್ಕಕ್ಕಿಟ್ಟು ನೋಡಿದಳು. ‘ತೆಗೆದೆ’ ಎಂದದ್ದನ್ನು ಕೇಳಿದವರು ತಪ್ಪು ತಿಳಿದರು, ಅದಕ್ಕೊಂದು ಸಮಾಧಾನ ಹೇಳಿಕೊಳ್ಳಬಹುದು. ‘ಬರೆಯುವಾಗ’ ಎಂದದ್ದು ಅಪ್ಪಟ ಸುಳ್ಳು. ಅದಕ್ಕೆ ಎರಡನೆಯ ಅರ್ಥವೇ ಇರಲಿಲ್ಲ.

ಸಂಜೆ ಗಂಡನಿಗೆ ಹೇಳಿದಳು. ಅವನು ಷೂ ಬಿಚ್ಚುತ್ತ ಕೇಳಿಸಿಕೊಂಡ.

“ಚರಂಡಿಯವನನ್ನ ಯಾರಾದ್ರೂ ಹಿಡಿದ್ರಾ?”

“ಇಲ್ಲ.”

“ಮತ್ತೆ ನಿನ್ನನ್ನ ಯಾರು ಹಿಡೀತಾರೆ?”

“ಹಿಡಿಯೋದು ಬಿಡೋದು ಅಲ್ಲ ವಿಷಯ.”

“ಹಾಗಾದ್ರೆ ಅತ್ತಿಗೆಗೆ ಹೇಳಿಬಿಡು.”

“ಅವರಿಗೆ ಹೇಳೋದೂ ಒಂದೇ, ಮೈಕ್ ಹಿಡಿದು ಬೀದಿಗೆ ಹೇಳೋದೂ ಒಂದೇ.”

“ಹಾಗಾದ್ರೆ ಸುಮ್ಮನಿರು.” ಅವನಿಗೆ ಎಲ್ಲದಕ್ಕೂ ಎರಡೇ ದಾರಿ. ಎರಡನ್ನೂ ತೋರಿಸಿ ಕೈಕಾಲು ತೊಳೆಯಲು ಹೋದ.

ಮಂಗಳವಾರ ಅವಳು ಚಿತ್ರ ಬರೆದವರಿಗೆ ಪತ್ರ ಕಳಿಸಿದಳು. ಪುಟದ ತಳದಲ್ಲಿ ಒಂದು ಹೆಸರು, ಒಂದು ಮಿಂಚಂಚೆ ವಿಳಾಸ ಇತ್ತು, ಹೆಂಗಸಿನ ಹೆಸರು. ಆರು ಸಾಲಿನ ಪತ್ರವನ್ನು ಹನ್ನೊಂದು ಸಲ ತಿದ್ದಿದಳು. ‘ಅರಿಯದೆ’ ಎಂದು ಬರೆದು ಹೊಡೆದುಹಾಕಿದಳು, ಅಷ್ಟೇನೂ ಅರಿಯದೆ ಮಾಡಿದ್ದಲ್ಲ. ‘ಅವಸರದಲ್ಲಿ’ ಎಂದು ಬರೆದು ಅದನ್ನೂ ಹೊಡೆದಳು. ಕೊನೆಗೆ ಉಳಿದದ್ದು ಇಷ್ಟು: ನಿಮ್ಮನ್ನು ಕೇಳದೆ ನಿಮ್ಮ ಹಕ್ಕಿಯನ್ನು ನಮ್ಮ ಬಳಗದ ಗುರುತು ಮಾಡಿಕೊಂಡಿದ್ದೇವೆ. ಇಪ್ಪತ್ತೆಂಟು ಟವೆಲಿನ ಮೇಲೆ ಹೊಲಿಸುತ್ತಿದ್ದೇವೆ. ಈಗ ಕೇಳುತ್ತಿದ್ದೇನೆ. ಬೇಡವೆಂದರೆ ಎಲ್ಲವನ್ನೂ ಬಿಚ್ಚಿಸುತ್ತೇನೆ.

ಕಳಿಸಿದ ಮೇಲೆ ಕುಳಿತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಬುಧವಾರ ಒಂದು ಶಾಲಾ ಪುಸ್ತಕದ ಕರಡಿನಲ್ಲಿ ‘ಕೊಕ್ಕರೆ’ ಎಂಬ ಪದ ಬಂದಾಗ ಬೆವರಿದಳು. ಬ್ಯಾಂಕಿನ ಬಾಗಿಲಲ್ಲಿ, ಔಷಧಿ ಅಂಗಡಿಯ ಚೀಲದ ಮೇಲೆ, ನೀರಿನ ಬಾಟಲಿಯ ಮೇಲೆ, ಎಲ್ಲೆಲ್ಲೂ ಹಕ್ಕಿಗಳು. ಎಷ್ಟೊಂದು ಹಕ್ಕಿಗಳನ್ನು ಎಷ್ಟೊಂದು ಜನ ಎಲ್ಲಿಂದಲೋ ಎತ್ತಿ ತಂದು ಕೂರಿಸಿಕೊಂಡಿದ್ದಾರೆ ಎನ್ನಿಸಿತು. ಮೊಬೈಲನ್ನು ತೆಗೆಯುವುದು, ನೋಡುವುದು, ಇಡುವುದು. ಪಕ್ಕದ ಮೇಜಿನ ಡಿಟಿಪಿಯವಳು, “ಕೊಂಬಮ್ಮ, ಯಾರದ್ದಾದ್ರೂ ಹೆರಿಗೆ ಇದೆಯೇನ್ರೀ ಮನೇಲಿ?” ಎಂದು ಕೇಳಿಯೂ ಕೇಳಿದಳು.

ಗುರುವಾರ ಮಧ್ಯಾಹ್ನ ಉತ್ತರ ಬಂತು. ಅವಳು ಅದನ್ನು ಪ್ರೆಸ್ಸಿನ ಹಿಂದೆ, ಕಾಗದದ ಕಟ್ಟುಗಳನ್ನು ಪೇರಿಸಿಡುವ ಕೋಣೆಯಲ್ಲಿ ನಿಂತು ಓದಿದಳು.

‘ಕಾಲು ಮುರಿದು ಆರು ವಾರ ಕಿಟಕಿಯ ಪಕ್ಕ ಮಲಗಿದ್ದಾಗ ಬರೆದ ಹಕ್ಕಿ ಅದು. ಎದುರಿನ ಕೆರೆಗೆ ದಿನವೂ ಬರುತ್ತಿದ್ದ ಆ ಮಿಂಚುಳ್ಳಿಯ ಮೂರನೆಯ ಗರಿ ನಿಜವಾಗಿಯೂ ಹಾಗೇ ಇತ್ತು. ಹದಿಮೂರು ವರ್ಷದಲ್ಲಿ ನನ್ನನ್ನು ಕೇಳಿದವರು ನಿಮ್ಮನ್ನೂ ಸೇರಿಸಿ ಇಬ್ಬರು. ಧಾರಾಳವಾಗಿ ಬಳಸಿ. ಒಂದೇ ಷರತ್ತು. ಕೊಕ್ಕಿನ ಕೆಳಗೆ ನೀರಿನ ಗೆರೆಯ ಹಾಗೆ ಕಾಣುವುದು ನನ್ನ ಸಹಿ. ಎತ್ತಿಕೊಂಡವರೆಲ್ಲ ಮೊದಲು ಅದನ್ನೇ ಅಳಿಸುತ್ತಾರೆ. ನೀವು ಅಳಿಸಬೇಡಿ. ಯಾರಾದರೂ ಕೇಳಿದರೆ ನನ್ನ ಹೆಸರು ಹೇಳಿ.’

ಕೊಂಬಮ್ಮ ಮೊಬೈಲಿನಲ್ಲಿ ಹಕ್ಕಿಯನ್ನು ತೆರೆದು, ಬೆರಳಿನಿಂದ ಹಿಗ್ಗಿಸಿ ನೋಡಿದಳು. ಎರೆಹುಳದ ತಲೆ ಒಂದು ಅಕ್ಷರವಾಯಿತು. ನಡುವಿನ ಸುಳಿ ಒತ್ತಕ್ಷರವಾಯಿತು. ಅಕ್ಷರ ಓದುವುದೇ ಕಸುಬಾದವಳು ಮೂರು ವಾರ ಒಂದು ಹೆಸರನ್ನು ನೋಡುತ್ತಲೇ ಇದ್ದಳು, ಓದಿರಲಿಲ್ಲ. ಅದು ಅಲೆ, ನಾನು ಬರೆಯುವಾಗ ಹಾಗೇ ಬಂತು. ಇನ್ನೊಬ್ಬಳ ಹೆಸರಿನ ಮೇಲೆ ಬೆರಳಿಟ್ಟು ಹೇಳಿದ್ದಳು ಆ ಮಾತನ್ನು.

ಒಂದು ಗಳಿಗೆ ಉಸಿರು ಹಗುರವಾಯಿತು. ಒಪ್ಪಿಗೆ ಸಿಕ್ಕಿತಲ್ಲ. ಸಹಿ ಹೇಗೂ ಟವೆಲಿನ ಮೇಲೆ ಬರುತ್ತದೆ, ನೋಡಿದವರಿಗೆ ಅಲೆಯಂತೆ ಕಾಣುತ್ತದೆ, ಯಾರೂ ಕೇಳುವುದಿಲ್ಲ, ತಾನೂ ಹೇಳಬೇಕಾಗಿಲ್ಲ. ಎಲ್ಲವೂ ನೇರವಾಗಿ, ಯಾವ ಸುಕ್ಕೂ ಇಲ್ಲದೆ ಮುಗಿದುಹೋಗುತ್ತದೆ. ಸಂಜೆ ಮನೆಯ ಗೇಟು ತೆರೆಯುವವರೆಗೂ ಅವಳು ಈ ಯೋಚನೆಯನ್ನು ಬಸ್ಸಿನ ಕಂಬಿಯಂತೆ ಗಟ್ಟಿಯಾಗಿ ಹಿಡಿದುಕೊಂಡಿದ್ದಳು.

ಅಂಗಡಿಯ ಬಾಗಿಲು ತೆರೆದಿತ್ತು. ಅಕ್ಕ ಟವೆಲುಗಳನ್ನು ಎರಡು ರಾಶಿ ಮಾಡಿ ಮಡಿಸಿಡುತ್ತಿದ್ದಳು.

“ಬಾ ಬಾ ಕಲಾವಿದೆ. ಮುಗೀತು ನಿನ್ನ ಹಕ್ಕಿ ಸಂತಾನ. ಕತ್ತು ಹಿಡ್ಕೊಂಡಿದೆ ನಂಗೆ.”

ಕೊಂಬಮ್ಮ ಮೇಲಿನ ಟವೆಲು ಬಿಡಿಸಿದಳು. ಕೊಕ್ಕಿನ ಕೆಳಗೆ ಮೂರು ಅಲೆಗಳು, ಒಂದರ ಹಿಂದೊಂದು, ತಿಳಿನೀಲಿ ನೂಲಿನಲ್ಲಿ ಬಳುಕುತ್ತಿದ್ದವು. ಬಹಳ ಚೆನ್ನಾಗಿದ್ದವು.

“ಅಕ್ಕ, ಇಲ್ಲೊಂದು ಗೆರೆ ಇತ್ತಲ್ಲ.”

“ಆ ಎರೆಹುಳ ತಾನೇ? ಹನ್ನೆರಡು ಟವೆಲಿಗೆ ನೀನು ಬರೆದ ಹಾಗೇ ಹೊಲಿದೆ. ಆಮೇಲೆ ಮನಸ್ಸು ಬರಲಿಲ್ಲ ಕಣೆ. ಉಳಿದ ಹದಿನಾರಕ್ಕೆ ಸರಿಯಾದ ಅಲೆ ಹಾಕಿದೀನಿ. ನಿನಗೆ ಕಾಗುಣಿತ ಬರುತ್ತೆ, ನನಗೆ ನೀರು ಗೊತ್ತು.” ಅಕ್ಕನ ಮುಖದಲ್ಲಿ ಹೆಮ್ಮೆ ಇತ್ತು. “ಯಾಕೆ, ಚೆನ್ನಾಗಿಲ್ವಾ?”

ಕೊಂಬಮ್ಮ ಹೊಲಿಗೆಯ ಸ್ಟೂಲಿನ ಮೇಲೆ ಕುಳಿತಳು. ಹದಿನಾರು ಟವೆಲು. ಬಾಯಿ ಮುಚ್ಚಿಕೊಂಡರೆ ಹದಿನಾರು ಸಹಿ ಅಳಿಸಿದ ಹಾಗೆ. ಬಿಚ್ಚಬೇಕೆಂದರೆ ಏಕೆಂದು ಹೇಳಬೇಕು.

“ಚೆನ್ನಾಗಿದೆ ಅಕ್ಕ. ಆದರೆ ಬಿಚ್ಚಬೇಕು.”

“ಏನಂದೆ?”

“ಅದು ಎರೆಹುಳ ಅಲ್ಲ, ಅಲೆಯೂ ಅಲ್ಲ. ಹಕ್ಕಿ ಬರೆದವರ ಹೆಸರು.”

ಅಕ್ಕ ಕೈಯಲ್ಲಿದ್ದ ಕತ್ತರಿಯನ್ನು ಮೇಜಿನ ಮೇಲೆ ಇಟ್ಟಳು. “ನಿನ್ನ ಹೆಸರು ಅಷ್ಟು ಉದ್ದ ಇಲ್ವಲ್ಲೇ.”

“ನಾನು ಬರೆದದ್ದಲ್ಲ. ಕಂಪ್ಯೂಟರಿಂದ ತೆಗೆದದ್ದು.” ಮೊಬೈಲು ಮುಂದೆ ಹಿಡಿದಳು. ಅಕ್ಕ ಕನ್ನಡಕ ಹುಡುಕಿ ಹಾಕಿಕೊಂಡು ಪತ್ರವನ್ನು ತುಟಿಯಾಡಿಸುತ್ತ ಓದಿದಳು, ಮತ್ತೆ ಮೊದಲಿನಿಂದ ಓದಿದಳು. ಹೊರಗೆ ಯಾರೋ ಸೈಕಲ್ಲಿನ ಬೆಲ್ಲು ಹೊಡೆದು ಹೋದರು.

“ನಾನು ಕೇಳಿದ್ದೆ,” ಎಂದಳು ಅಕ್ಕ ಕೊನೆಗೆ. “ಅಲೆ ಹೀಗಿರುತ್ತಾ ಅಂತ ನಿನ್ನನ್ನ ಕೇಳಿದ್ದೆ. ಈ ಮೆಟ್ಟಿಲ ಹತ್ರಾನೇ. ನೀನು ಏನಂದೆ?”

“ನಾನು ಬರೆಯುವಾಗ ಹಾಗೇ ಬಂತು ಅಂದೆ.”

“ಮುಖ ನೋಡ್ಕೊಂಡು ಅಂದೆ.”

“ಹೂಂ.”

“ತಪ್ಪು ನನ್ನದೇ ಅಂದುಕೊಂಡಿದ್ದೆ ನಾನು. ಓದಿದವಳು, ಇವಳಿಗೆ ಗೊತ್ತಿರುತ್ತೆ, ನನಗೇ ಅಲೆ ಬರೆಯೋದು ತಿಳಿಯಲ್ಲ ಅಂತ.” ಅಕ್ಕ ಎದ್ದು ಮಷಿನ್ನಿನ ಮೇಲೆ ಹೊದಿಕೆ ಎಳೆದಳು. “ಬಿಚ್ಚೋದು ನೀನು. ನಾನು ಮುಟ್ಟಲ್ಲ.”

ಶುಕ್ರವಾರ ಕೊಂಬಮ್ಮ ರಜೆ ಹಾಕಿದಳು. ಬೆಳಗಿನಿಂದ ಕಿಟಕಿಯ ಬಳಿ ಕುಳಿತು ಹದಿನಾರು ಟವೆಲಿನ ಅಲೆಗಳನ್ನು ಸಣ್ಣ ಕತ್ತರಿಯಿಂದ ಬಿಡಿಸಿದಳು. ಹೊಲಿಯಲು ಹಿಡಿದ ಹೊತ್ತಿಗಿಂತ ಬಿಚ್ಚಲು ಹೆಚ್ಚು ಹೊತ್ತು ಹಿಡಿಯುತ್ತದೆ ಎಂದು ಅವಳಿಗೆ ಗೊತ್ತಿರಲಿಲ್ಲ. ಬಟ್ಟೆಯ ಕುಣಿಕೆಗಳಿಗೆ ನೂಲು ಸಿಕ್ಕಿಕೊಂಡು, ಎಳೆದರೆ ಟವೆಲೇ ಕಿತ್ತು ಬರುತ್ತಿತ್ತು. ಅಕ್ಕ ಇಡೀ ಬೆಳಿಗ್ಗೆ ಮಾತಾಡಲಿಲ್ಲ. ಯಾರದೋ ರವಿಕೆಗೆ ಗುಂಡಿ ಹೊಲಿಯುತ್ತ ಆಗಾಗ ಈ ಕಡೆ ನೋಡುತ್ತಿದ್ದಳು. ಒಂಬತ್ತನೆಯ ಟವೆಲು ಮುಗಿದಾಗ ಎದ್ದು ಬಂದು ಬೆಳಕಿಗೆ ಹಿಡಿದು ನೋಡಿದಳು.

“ಇಲ್ಲೊಂದು ಎಳೆ ಬಿಟ್ಟಿದೀಯ. ದೊಡ್ಡ ತಿದ್ದುವವಳು.”

ಅದು ಬೈಗುಳವೇ. ಆದರೂ ಮಾತು ಬಂತಲ್ಲ ಎಂದು ಕೊಂಬಮ್ಮ ಆ ಎಳೆ ಕಿತ್ತಳು. ಮಧ್ಯಾಹ್ನ ಅಕ್ಕ ಹೊದಿಕೆ ತೆಗೆದು ಮಷಿನ್ನಿನ ಮುಂದೆ ಕುಳಿತಳು.

“ಆ ಹೆಸರು ದೊಡ್ಡದಾಗಿ ಒಂದು ಹಾಳೆ ಮೇಲೆ ಬರೆದು ಕೊಡು. ಈ ಸಲ ಏನು ಹೊಲೀತಿದೀನಿ ಅಂತ ಗೊತ್ತಿರಲಿ ನನಗೆ.” ಸ್ವಲ್ಪ ತಡೆದು, “ನರ್ಸಮ್ಮಂಗೆ ನಾನು ಹೇಳಲ್ಲ. ನೀನೇ ಹೇಳು. ನಾಳೆ ಬೆಳಿಗ್ಗೆ. ನಾನು ಪಕ್ಕದಲ್ಲಿ ಇರ್ತೀನಿ, ಬೆಂಬಲಕ್ಕಲ್ಲ, ಪೂರ್ತಿ ಹೇಳ್ತೀಯೋ ಇಲ್ವೋ ನೋಡೋಕೆ.”

ಶನಿವಾರ ಕೊಳದಲ್ಲಿ ಎಲ್ಲರೂ ಈಜು ಮುಗಿಸಿ ಅಂಚಿನ ಮೇಲೆ ಕಾಲು ಇಳಿಬಿಟ್ಟು ಕುಳಿತಿದ್ದರು. ನೀರು ಇನ್ನೂ ತೂಗಾಡುತ್ತಿತ್ತು. ಕೊಂಬಮ್ಮ ಒದ್ದೆ ತಲೆಯಲ್ಲೇ ಎದ್ದು ನಿಂತಳು.

“ಏನಾಯ್ತೇ? ಹೇಳು, ಸೂಜಿ ಚುಚ್ಚಲ್ಲ,” ಎಂದರು ನರ್ಸಮ್ಮ.

ಅವಳು ಹೇಳಿದಳು. ಉಚಿತ ಚಿತ್ರದ ಪುಟ, ಕೆಳಗಿನ ಎರಡು ಸಾಲು, ವ್ಯಾನು, ಪತ್ರ, ಉತ್ತರ. ಅಕ್ಕ ಕೆಮ್ಮಿದಳು. ಕೊಂಬಮ್ಮ ಅಲೆಯ ಮಾತನ್ನೂ ಹೇಳಿದಳು.

ಆಮೇಲೆ ತುದಿಯಲ್ಲಿದ್ದ ಬೇಕರಿಯವಳು, “ನಾನು ಆಗಲೇ ಅಂದುಕೊಂಡೆ,” ಎಂದಳು. “ಇವಳ ಅಕ್ಷರ ನೋಡಿದ್ರೆ ಕಾಗೆ ಕಾಲು ಗುಬ್ಬಿ ಕಾಲು. ಅದರಲ್ಲಿ ಮಿಂಚುಳ್ಳಿ ಎಲ್ಲಿಂದ ಹಾರಿ ಬಂತು ಅಂತ.” ಒಂದಿಬ್ಬರು ನಕ್ಕರು. ನರ್ಸಮ್ಮ ನಗಲಿಲ್ಲ.

“ನಾನು ಯಾರು ತೆಗೆದಿದ್ದು ಅಂದಾಗ ನೀನು ನಾನೇ ಅಂದೆ.”

“ಅಂದೆ.”

“ನಾವು ತಪ್ಪು ತಿಳಿದ್ವಿ ಅನ್ನೋದು ನಿನಗೆ ಯಾವಾಗ ಗೊತ್ತಾಯ್ತು?”

“ಆಗಲೇ. ಚಪ್ಪಾಳೆ ಹೊಡೆದಾಗ.”

ನರ್ಸಮ್ಮ ಕಾಲನ್ನು ನೀರಿನಿಂದ ಎತ್ತಿ ಒರೆಸಿಕೊಂಡರು. “ಹಕ್ಕಿ ಇರಲಿ, ಬಳಸಿ ಅಂತ ಅದನ್ನ ಬರೆದವಳೇ ಅಂದಿದಾಳೆ. ಮುಂದಿನ ತಿಂಗಳಿಂದ ನಡಾವಳಿ ಬೇರೆಯವರು ಬರೀಲಿ. ಕೋಪಕ್ಕೆ ಹೇಳ್ತಿಲ್ಲ, ಆ ಪುಸ್ತಕದಲ್ಲಿ ಇದ್ದದ್ದು ಇದ್ದ ಹಾಗೆ ಇರಬೇಕು. ಹಳೇದನ್ನ ಇವತ್ತು ನೀನೇ ತಿದ್ದು.”

ಚೀಲದಲ್ಲಿದ್ದ ಪುಸ್ತಕವನ್ನು ತೆಗೆದು ಅವಳು ಬೆಂಚಿನ ಮೇಲೆ ಕುಳಿತಳು. ಹತ್ತೊಂಬತ್ತು ವರ್ಷ ಬೇರೆಯವರ ತಪ್ಪಿಗೆ ಎಳೆದ ಕೆಂಪು ಪೆನ್ನು ಈ ಪುಟದ ಮೇಲೆ ಭಾರವಾಗಿತ್ತು. ‘ಕಾರ್ಯದರ್ಶಿಯವರು ತೆಗೆದ’ ಎಂಬುದನ್ನು ಹೊಡೆದು, ಮೇಲ್ಗಡೆ ಚಿತ್ರ ಬರೆದವಳ ಹೆಸರು ಬರೆದು, ‘ಅವರು ಬರೆದ, ಅವರ ಒಪ್ಪಿಗೆಯಿಂದ ಬಳಸಿದ’ ಎಂದು ಸೇರಿಸಿದಳು. ಒಪ್ಪಿಗೆ ಮೂರು ವಾರ ತಡವಾಗಿ ಬಂದದ್ದು ನೆನಪಾಗಿ, ಅಂಚಿನಲ್ಲಿ ತಾರೀಖು ಹಾಕಿದಳು. ಹೆಸರನ್ನು ಮೂರು ಸಲ ಅಕ್ಷರಕ್ಕೆ ಅಕ್ಷರ ನೋಡಿದಳು. ಅಕ್ಕ ಹೆಗಲ ಮೇಲಿಂದ ಬಗ್ಗಿ ನಾಲ್ಕನೆಯ ಸಲ ನೋಡಿದಳು.

ಭಾನುವಾರ ಆರು ಬಳಗಗಳಿಂದ ಕೊಳದ ಸುತ್ತ ಜನವೋ ಜನ. ಕೊಂಬಮ್ಮ ಬಾಗಿಲ ಹತ್ತಿರ ನಿಂತು ಒಳಗೆ ಬರುವ ಒಂದೊಂದೇ ಮುಖವನ್ನು ನೋಡುತ್ತಿದ್ದಳು, ಚರಂಡಿಯವರ ಪೈಕಿ ಯಾರಾದರೂ ಇದ್ದಾರೇನೋ ಎಂಬ ಹಾಗೆ. ಇನ್ನು ಹೆದರಲು ಏನೂ ಇರಲಿಲ್ಲ. ಕಣ್ಣಿಗೆ ಅದಿನ್ನೂ ಗೊತ್ತಾಗಿರಲಿಲ್ಲ. ಬೇರೊಂದು ಬಳಗದ ದಪ್ಪನೆಯ ಹೆಂಗಸೊಬ್ಬಳು ಎದುರಿಗೆ ನಿಂತು, ಅವಳ ಹೆಗಲ ಮೇಲಿನ ಟವೆಲಿನ ಮೂಲೆಯನ್ನು ಬೆರಳಲ್ಲಿ ಹಿಡಿದಳು.

“ಎಷ್ಟು ಚೆನ್ನಾಗಿದೆ ರೀ. ಇದನ್ನ ಯಾರು ತೆಗೆ…”

ಆಕೆಯ ಮಾತು ಮುಗಿಯುವ ಮೊದಲೇ ಕೊಂಬಮ್ಮ ಹೆಸರು ಹೇಳಿದಳು.

ಆಕೆಗೆ ಕೇಳಿಸಲಿಲ್ಲ. ಇನ್ನೊಮ್ಮೆ, ಸ್ವಲ್ಪ ಗಟ್ಟಿಯಾಗಿ, ಒತ್ತಕ್ಷರದ ಮೇಲೆ ಒತ್ತು ಕೊಟ್ಟು ಹೇಳಿದಳು. ಆಮೇಲೆ ಟವೆಲನ್ನು ಹಿಗ್ಗಲಿಸಿ, ಕೊಕ್ಕಿನ ಕೆಳಗಿನ ಗೆರೆಯ ಮೇಲೆ ಬೆರಳಿಟ್ಟು, ಎಲ್ಲಿಂದ ಓದಬೇಕು ಎಂದು ತೋರಿಸಿದಳು.